ಉಳಿದುಕೊಂಡವರ ಸಾವು: ಡಾ. ದ್ವಾರಕಾನಾಥ ಕೋಟ್ನಿಸ್ ಅವರನ್ನು ನೆನೆಯುವ ಬಗೆ



ಎರಡನೆಯ ಮಹಾಯುದ್ಧದಲ್ಲಿ ಕಡಲುಪಾಲಾದ ಭಾರತೀಯ ನಾವಿಕರ ಹೆಸರುಗಳನ್ನು ಬರೆದಿಟ್ಟ ಸ್ಮರಣಗ್ರಂಥವೊಂದು ನಮ್ಮ ಮುಂಬೈಯಲ್ಲಿದೆ. ಅದರದೇ ಇನ್ನೊಂದು ಪ್ರತಿ ಚಿತ್ತಗಾಂಗ್‌ನಲ್ಲಿದೆ. ಸುಮಾರು 6,500 ಹೆಸರುಗಳು. ಸಮುದ್ರವಲ್ಲದೆ ಬೇರೆ ಗೋರಿಯಿಲ್ಲದವರವು. ಅಂಥ ಪಟ್ಟಿಯನ್ನು ಎಷ್ಟು ಭಕ್ತಿಯಿಂದ ಓದಿದರೂ, ಹಡಗಿನ ಪುಟ್ಟ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದ ಹುಡುಗ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದ ಎಂಬುದು ತಿಳಿಯುವುದಿಲ್ಲ. ಯುದ್ಧದ ನೆನಪು ಸತ್ತ ಗಳಿಗೆಯನ್ನು ಹಿಡಿದಿಡುತ್ತದೆ, ದುಡಿದ ದಿನಗಳನ್ನು ಕೈಬಿಡುತ್ತದೆ. ಆರೈಕೆ ಮಾಡುತ್ತಲೇ ಸತ್ತವರನ್ನು ಈ ಅಳತೆಗೋಲಿನಿಂದ ಅಳೆದರೆ ಅನ್ಯಾಯವಾಗುತ್ತದೆ ಎಂಬುದೇ ನನ್ನ ವಾದ. ಅದಕ್ಕೆ ಆಧಾರವಾಗಿ, ಇದೇ ಮುಂಬೈ ಬಂದರಿನಿಂದ ಹೊರಟು ಮರಳಿ ಬಾರದ ಒಬ್ಬ ತರುಣ ವೈದ್ಯರ ಬದುಕನ್ನು ನಿಮ್ಮ ಮುಂದಿಡುತ್ತೇನೆ.

ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಕನ್ನಡ ಮರಾಠಿಗಳೆರಡೂ ಅಕ್ಕಪಕ್ಕದಲ್ಲಿ ಕೇಳಿಬರುವ ಸೊಲ್ಲಾಪುರದಲ್ಲಿ. ವೈದ್ಯಕೀಯ ಓದಿದ್ದು ಮುಂಬೈಯ ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ. 1926ರಲ್ಲಿ ಶುರುವಾದ ಈ ಕಾಲೇಜಿಗೆ ದಾನಿಗಳು ಹಾಕಿದ್ದ ಷರತ್ತನ್ನು ಇಲ್ಲಿ ನೆನೆಯಬೇಕು: ಕಲಿಸುವವರು ಭಾರತೀಯರೇ ಆಗಿರಬೇಕು. ಪರರ ಆಳ್ವಿಕೆಯಲ್ಲಿ ನಮ್ಮವರ ಕೈಗುಣವನ್ನು ನಂಬಿ ಕಟ್ಟಿದ ಕಾಲೇಜಿನ ವಿದ್ಯಾರ್ಥಿ, ಪರರ ಸೈನ್ಯ ನುಗ್ಗಿದ್ದ ಇನ್ನೊಂದು ದೇಶಕ್ಕೆ ಹೊರಟದ್ದು ಆಕಸ್ಮಿಕವೇನಲ್ಲ. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾದಿಂದ ವೈದ್ಯರನ್ನು ಕಳಿಸಿಕೊಡಿ ಎಂಬ ಕೋರಿಕೆ ನೆಹರೂ ಅವರಿಗೆ ಬಂದಿತ್ತು. ಆಗಿನ ಕಾಂಗ್ರೆಸ್ ಅಧ್ಯಕ್ಷ ಸುಭಾಷ್‌ಚಂದ್ರ ಬೋಸರು ಜನರ ನೆರವು ಬೇಡಿದರು. 1938ರ ಸೆಪ್ಟೆಂಬರ್ 1ರಂದು ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನಿಸ್ ಎಂಬ ಐವರು ಬೊಂಬಾಯಿಯಿಂದ ಹಡಗು ಹತ್ತಿದರು. ಕೋಟ್ನಿಸರಿಗೆ ಇನ್ನೂ 28 ತುಂಬಿರಲಿಲ್ಲ.

1939ರ ಫೆಬ್ರವರಿಯಲ್ಲಿ ತಂಡ ಚೀನಾದ ಯೆನಾನ್ ತಲುಪಿತು. ಮುಂದೆ ಕೋಟ್ನಿಸ್ ಉತ್ತರದ ಗುಡ್ಡಗಾಡಿನ ರಣರಂಗಕ್ಕೆ ನಡೆದರು. ಅಲ್ಲಿ ಆಸ್ಪತ್ರೆಯೆಂದರೆ ಒಂದೂರಲ್ಲಿ ನಿಲ್ಲುವ ಕಟ್ಟಡವಲ್ಲ. ಅವರಿಗಿಂತ ಮೊದಲು ಅಲ್ಲಿ ದುಡಿದ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್, ಹೇಸರಗತ್ತೆಯ ಬೆನ್ನಿಗೆ ಏರಿಸಬಹುದಾದ, ಸೇತುವೆಯ ಆಕಾರದ ಮರದ ಚೌಕಟ್ಟೊಂದನ್ನು ಮಾಡಿಸಿದ್ದರು. ಕತ್ತರಿ, ಚಿಮಟ, ಔಷಧ, ಬ್ಯಾಂಡೇಜು ಎಲ್ಲ ಅದರೊಳಗೆ. ಶತ್ರು ಬಂದನೆಂದರೆ ಇಡೀ ಆಸ್ಪತ್ರೆ ಆ ಪ್ರಾಣಿಯ ಬೆನ್ನೇರಿ ಮುಂದಿನ ಹಳ್ಳಿಗೆ ಹೊರಡುತ್ತಿತ್ತು. ಶಸ್ತ್ರಕ್ರಿಯೆಯಲ್ಲಿ ಬೆರಳು ಕೊಯ್ದುಕೊಂಡು, ಗಾಯ ನಂಜೇರಿ, ಬೆಥೂನ್ 1939ರ ನವೆಂಬರ್ 12ರಂದು ತೀರಿಕೊಂಡರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಹಿಂದಿನ ವರ್ಷದ ಕದನವೊಂದರಲ್ಲಿ ಅವರು 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಕ್ರಿಯೆ ನಡೆಸಿದ್ದೂ, 800ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿಕೊಂಡದ್ದೂ ಅವರ ಜೀವನಚರಿತ್ರೆಯಲ್ಲಿ ದಾಖಲಾಗಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಸದ್ದಿಲ್ಲದ ಕೆಲಸ: ಚೀನಿ ಭಾಷೆ ಕಲಿತು ಹಳ್ಳಿಯ ಹುಡುಗರಿಗೆ ಪಾಠ ಹೇಳಿದ್ದು, ಅವರಿಗಾಗಿ ಶಸ್ತ್ರವೈದ್ಯದ ಪಠ್ಯ ಬರೆಯಲು ಕೂತದ್ದು. 1941ರಲ್ಲಿ ಶುಶ್ರೂಷೆ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಮರುವರ್ಷದ ಆಗಸ್ಟ್‌ನಲ್ಲಿ ಹುಟ್ಟಿದ ಮಗುವಿಗೆ ಭಾರತ, ಚೀನಾ ಎರಡನ್ನೂ ಬೆಸೆದು ಯಿನ್‌ಹುವಾ ಎಂದು ಹೆಸರಿಟ್ಟರು. ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ; 1942ರ ಡಿಸೆಂಬರ್ 9ರಂದು ಮೂರ್ಛೆರೋಗ ತಂದೆಯನ್ನು ಕೊಂಡೊಯ್ದಿತು. ಆಗ ಅವರಿಗೆ 32.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗುಂಡು ತಗುಲಲಿಲ್ಲ, ಬಾಂಬು ಬೀಳಲಿಲ್ಲ. ಮೂರ್ಛೆರೋಗ ಪರೇಲಿನಲ್ಲಿದ್ದರೂ ಬರಬಹುದಿತ್ತು. ಇದನ್ನು ಯುದ್ಧದ ಸಾವೆನ್ನುವುದು ಹೇಗೆ? ರೋಗವನ್ನು ಯುದ್ಧವೇ ತಂದಿತು ಎಂದು ನಾನು ಹೇಳುವುದಿಲ್ಲ. ಆದರೆ ರೋಗಿಗೆ ಬೇಕಾದ ವಿಶ್ರಾಂತಿ, ನಿದ್ದೆ, ಔಷಧಗಳೇ ಆ ಮುತ್ತಿಗೆಯ ನಾಡಿನಲ್ಲಿ ಅತ್ಯಂತ ದುರ್ಲಭವಾಗಿದ್ದವು. ಚೋಳ್ಕರ್, ಮುಖರ್ಜಿ, ಅಟಲ್ ಮೊದಲೇ ಮರಳಿದ್ದರು. ಅದರಲ್ಲಿ ಕುಂದೇನೂ ಇಲ್ಲ. ಕೋಟ್ನಿಸರ ಮುಂದೆಯೂ ಆ ದಾರಿಯಿತ್ತು. ಅವರು ಉಳಿದರು. ಆ ಉಳಿಯುವಿಕೆಯೇ ಅವರ ಶೌರ್ಯ. ಸ್ವದೇಶದಲ್ಲಿ ರೋಗಿಗಳಿಗೆ ಕೊರತೆಯಿತ್ತೆ ಎಂದೂ ಕೇಳಬಹುದು. ಖಂಡಿತ ಇರಲಿಲ್ಲ. ಆದರೆ ಅವರು ಚೀನಾದಲ್ಲಿ ಗಾಯ ಹೊಲಿದಷ್ಟಕ್ಕೇ ನಿಲ್ಲದೆ ಹೊಲಿಯುವ ಕೈಗಳನ್ನು ತಯಾರು ಮಾಡಿದರು. ಅವರು ಹೋದ ಮೇಲೂ ಆ ಕೈಗಳು ದುಡಿದವು.

ನೆನಪಿಗೆ ಕಣ್ಣಿಗೆ ಕಟ್ಟುವ ಸಾವೇ ಬೇಕು ಎಂಬುದಕ್ಕೆ ಪರೇಲಿನಲ್ಲೇ ಸಾಕ್ಷಿಯಿದೆ. ಅವರು ಓದಿದ ಆ ಪರೇಲಿನದೇ ರಾಜಕಮಲ್ ಕಲಾಮಂದಿರ 1946ರಲ್ಲಿ ಅವರ ಕಥೆಯನ್ನು ಸಿನಿಮಾ ಮಾಡಿತು, ವಿ. ಶಾಂತಾರಾಂ ತಾವೇ ಕೋಟ್ನಿಸ್ ಆದರು. ಅವರ ಹೆಸರು ಮನೆಮಾತಾದದ್ದು ಆ ಚಿತ್ರದಿಂದ. ಅದರ ಋಣ ದೊಡ್ಡದು. ಆದರೆ ಕಥಾನಾಯಕನ ಸಾವಿಗೆ ಅಲ್ಲಿ ಪ್ಲೇಗು ಬೇಕಾಯಿತು. ಪಾಠ ಹೇಳುತ್ತ, ಪುಸ್ತಕ ಬರೆಯುತ್ತ, ದಿನದಿನವೂ ಸವೆದವರನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ಆ ಕಷ್ಟವನ್ನು ಬರಹ ವಹಿಸಿಕೊಳ್ಳಬೇಕು. ಕೋಟ್ನಿಸರ ದಿನಗಳಾದರೂ ನಮಗೆ ದಕ್ಕಿವೆ. ಗಾಯಾಳುವಿನ ತಲೆದೆಸೆಯಲ್ಲಿ ದೀಪ ಹಿಡಿದು ನಿಂತ ಸಹಾಯಕನ ದಿನಗಳು, ಡೋಲಿ ಹೊತ್ತವನ ದಿನಗಳು ಎಲ್ಲೂ ದಾಖಲಾಗಿಲ್ಲ. ಮುಂಬೈಯ ಆ ಗ್ರಂಥದಲ್ಲಿ ಒಂದೊಂದು ಹೆಸರನ್ನು ಓದುವಾಗಲೂ ಅದರ ಹಿಂದೆ ಇಂಥ ಮೂರು ನಾಲ್ಕು ವರ್ಷಗಳ ದುಡಿಮೆ ಇದ್ದಿರಬಹುದೆಂದು ನಂಬಿ ಓದೋಣ. ಕೋಟ್ನಿಸರ ಬದುಕು ನಮಗೆ ಕಲಿಸಿಕೊಡುವ ಓದು ಅದು.