ಮಿದುಳಿನ ಕಾವಲುಗಾರರು



ಬೋಡಕ್‌ದೇವ್, ವಸ್ತ್ರಾಪುರದ ಫ್ಲ್ಯಾಟುಗಳಲ್ಲಿ ನಿಮ್ಮೊಂದಿಗೆ ಊರಿನಿಂದ ಬಂದ ತಂದೆ-ತಾಯಿ, ಅತ್ತೆ-ಮಾವ ಇರಬಹುದು. ಅವರಲ್ಲಿ ಯಾರಿಗಾದರೂ ಸುಮ್ಮನೆ ಕುಳಿತಾಗ ಒಂದು ಕೈ ನಡುಗುತ್ತಿದೆಯೇ? ನಡೆಯುವಾಗ ಒಂದು ಕೈ ಬೀಸುವುದಿಲ್ಲವೇ? ಬರೆಯುವ ಅಕ್ಷರ ಸಣ್ಣದಾಗುತ್ತಿದೆಯೇ? "ವಯಸ್ಸಾಯಿತಲ್ಲ, ಬಿಡಿ" ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬಾರದು ಏಕೆ ಎಂಬುದೇ ಇಂದಿನ ಮಾತು.

ಆಯುರ್ವೇದ ಕಂಪವಾತ ಎಂದು ಕರೆದ ನಡುಕವನ್ನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ವಿವರವಾಗಿ ಬರೆದರು. ಅವರ ಹೆಸರೇ ಕಾಯಿಲೆಗೆ ಉಳಿಯಿತು. ಮಿದುಳಿನ ಬುಡದ ಹತ್ತಿರ ಕಪ್ಪು ಬಣ್ಣದ ಸಣ್ಣ ಭಾಗವೊಂದಿದೆ. ಅಲ್ಲಿನ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈಕಾಲು ಸರಾಗವಾಗಿ ಆಡಲು ಅದು ಬೇಕು. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಈ ಕೋಶಗಳು ಸಾಯುತ್ತಾ ಹೋಗುತ್ತವೆ.

ಈ ಕೋಶಗಳ ಪಕ್ಕದಲ್ಲೇ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ನಿಮ್ಮ ಸೊಸೈಟಿಯ ವಾಚ್‌ಮನ್ ಇದ್ದಂತೆ. ಸದಾ ಗಸ್ತು ತಿರುಗುತ್ತವೆ, ಕಸ ತೆಗೆಯುತ್ತವೆ, ರೋಗಾಣು ಬಂದರೆ ನುಂಗುತ್ತವೆ. ಆದರೆ ನರಕೋಶ ಸತ್ತು ಅದರೊಳಗಿನ ಕೆಟ್ಟ ಪ್ರೋಟೀನು ಹೊರಗೆ ಚೆಲ್ಲಿದಾಗ ಇವು ಕೆರಳುತ್ತವೆ. ಆಗ ಅವು ಹೊರಬಿಡುವ ರಾಸಾಯನಿಕಗಳು ಪಕ್ಕದ ಆರೋಗ್ಯವಂತ ಕೋಶಗಳಿಗೂ ಹಾನಿ ಮಾಡಬಲ್ಲವು. ಆ ಕೋಶ ಸತ್ತರೆ ಮತ್ತಷ್ಟು ಕೆರಳುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1982ರಲ್ಲಿ ಕೆಲವು ಯುವಜನರು ಕದ್ದು ತಯಾರಿಸಿದ ಮಾದಕವಸ್ತು ಚುಚ್ಚಿಕೊಂಡು, ಪಾರ್ಕಿನ್‌ಸನ್ ರೋಗಿಗಳಂತೆ ಮರಗಟ್ಟಿಹೋದರು. ಅದರಲ್ಲಿ ಎಂಪಿಟಿಪಿ ಎಂಬ ವಿಷವಿತ್ತು. ಈ ವಿಷ ದೇಹ ಸೇರಿದ್ದ ಮೂವರ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿದ ವರದಿ 1999ರಲ್ಲಿ ಬಂತು. ವಿಷ ಹೊಕ್ಕು 3ರಿಂದ 16 ವರ್ಷ ಕಳೆದಿದ್ದರೂ ಕಾವಲು ಕೋಶಗಳು ನರಕೋಶಗಳನ್ನು ಮುತ್ತಿಕೊಂಡೇ ಇದ್ದವು. ಕಳ್ಳ ಹೋಗಿ ವರ್ಷಗಳಾದರೂ ವಾಚ್‌ಮನ್ ಲಾಠಿ ಬೀಸುತ್ತಲೇ ಇದ್ದ ಹಾಗೆ!

ಹಾಗಾದರೆ ವಯಸ್ಸಾದವರೆಲ್ಲರಿಗೂ ಹೀಗೇ ಆಗುತ್ತದೆಯೇ? ಉತ್ತರ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಬಂದಿದೆ. ಡಾ. ಎಸ್.ಕೆ. ಶಂಕರ್ ಮತ್ತು ಸಂಗಡಿಗರು ಕಾಯಿಲೆಯಿಲ್ಲದ ಭಾರತೀಯರ ಮಿದುಳುಗಳಲ್ಲಿ ಈ ಕಪ್ಪು ಕೋಶಗಳನ್ನು ಎಣಿಸಿ, ವಯಸ್ಸಿನೊಂದಿಗೆ ಅವು ಕಡಿಮೆಯಾಗಿಲ್ಲ ಎಂದು 1998ರಲ್ಲಿ ಪ್ರಕಟಿಸಿದರು. ಅಲ್ಲಿಯೇ ಡಾ. ಫಾಲ್ಗುಣಿ ಆನಂದ್ ಅಲ್ಲಾಡಿ ಅವರ ತಂಡ 2015ರಲ್ಲಿ ಕಾವಲು ಕೋಶಗಳನ್ನೂ ನೋಡಿತು. ವಯಸ್ಸಾದಂತೆ ಅವುಗಳ ರೂಪ ಸ್ವಲ್ಪ ಬದಲಾಗುತ್ತದೆ ನಿಜ, ಆದರೆ ನಿರೀಕ್ಷಿಸಿದಷ್ಟು ದೊಡ್ಡ ಬದಲಾವಣೆ ಕಾಣಲಿಲ್ಲ. ಅಂದರೆ, ಮುಪ್ಪು ಬೇರೆ, ಪಾರ್ಕಿನ್‌ಸನ್ ಬೇರೆ. ತಮ್ಮವರನ್ನು ಕಳೆದುಕೊಂಡ ದುಃಖದಲ್ಲೂ ಮಿದುಳು ದಾನಕ್ಕೆ ಒಪ್ಪಿದ ಕುಟುಂಬಗಳಿಂದ ನಮಗೆ ದೊರೆತ ತಿಳಿವಳಿಕೆ ಇದು.

ಚಿಕಿತ್ಸೆ? ಲೆವೊಡೋಪಾ ಮಾತ್ರೆ ಡೋಪಮಿನ್ ಕೊರತೆಯನ್ನು ತುಂಬುತ್ತದೆ, ಕಾವಲುಗಾರರನ್ನು ಶಾಂತಗೊಳಿಸುವುದಿಲ್ಲ. ಅವುಗಳೊಳಗಿನ ಅಪಾಯದ ಗಂಟೆಯನ್ನು ತಡೆಯುವ ಔಷಧಿಗಳ ಹುಡುಕಾಟ ನಡೆದಿದೆ. ಅಹಮದಾಬಾದಿನ ಜೈಡಸ್ ಕಂಪನಿಯ ಉಸ್ನೋಫ್ಲಾಸ್ಟ್ ಇಂಥದೊಂದು. ಎ.ಎಲ್.ಎಸ್. ಎಂಬ ಬೇರೊಂದು ನರರೋಗದಲ್ಲಿ ಅದರ ಮುಂದಿನ ಹಂತದ ಪರೀಕ್ಷೆಗೆ 2025ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ನೀಡಿದರು. ಪಾರ್ಕಿನ್‌ಸನ್ನಿನಲ್ಲಿ ಕಾವಲು ಕೋಶಗಳನ್ನು ತಣಿಸುವ, ಸಾಬೀತಾದ ಔಷಧಿ ಇನ್ನೂ ಇಲ್ಲ. "ನರಗಳ ಉರಿ ಇಳಿಸುತ್ತದೆ" ಎಂಬ ಪುಡಿಗಳಿಗೆ ಮರುಳಾಗಬೇಡಿ. ನಸುಗುನ್ನಿ, ಇಲ್ಲಿನವರು ಕೌಚಾ ಎನ್ನುವ ಬೀಜ, ತನ್ನಲ್ಲೇ ಲೆವೊಡೋಪಾ ಹೊಂದಿದೆ. ವೈದ್ಯರಿಗೆ ಹೇಳದೆ ಮಾತ್ರೆಯ ಜೊತೆ ಸೇವಿಸಿದರೆ ಪ್ರಮಾಣ ಮೀರಬಹುದು.

ನಡುಕವೆಲ್ಲ ಪಾರ್ಕಿನ್‌ಸನ್ ಅಲ್ಲ. ಥೈರಾಯ್ಡ್ ತೊಂದರೆಯಿಂದಲೂ, ಕೆಲವು ಔಷಧಿಗಳಿಂದಲೂ ಕೈ ನಡುಗುತ್ತದೆ. ಯಾವುದೆಂದು ಹೇಳಬೇಕಾದವರು ನರರೋಗ ತಜ್ಞರು. ಕಾಯಿಲೆ ಎಂದು ಗೊತ್ತಾದರೂ ನಡಿಗೆ, ವ್ಯಾಯಾಮ ಬಿಡಿಸಬೇಡಿ. ಅವುಗಳಿಂದ ನಡೆ, ಸಮತೋಲನ ಸುಧಾರಿಸುತ್ತವೆ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಎನ್ನುವುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಒಗ್ಗರಣೆಯ ವಾಸನೆ ಮೊದಲಿನಂತೆ ಬರುತ್ತಿದೆಯೇ? ಅಂಗಿಯ ಗುಂಡಿ ಹಾಕಲು ಹೆಚ್ಚು ಹೊತ್ತು ಬೇಕಾಗುತ್ತಿದೆಯೇ? ಉತ್ತರ ಕೇಳಿ ಅನುಮಾನ ಬಂದರೆ, "ವಯಸ್ಸು" ಎನ್ನದೆ ವೈದ್ಯರ ಬಳಿಗೆ ಕರೆದೊಯ್ಯಿರಿ.