ನೆಲದ ದಾರಿ, ಕಡಲ ದಾರಿ, ಕೆರೆಯ ದಾರಿ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಗೆ ಕಡಲಿಲ್ಲ. ವರ್ಷವಿಡೀ ಹರಿಯುವ ನದಿಯೂ ಇಲ್ಲ. ಆದರೂ ಇಲ್ಲಿನ ಹೆಸರುಗಳಲ್ಲಿ ಕಡಲಿದೆ: ಲಕ್ಷ್ಮೀಸಾಗರ, ಸೋಮಾಂಬುಧಿ ಅಗ್ರಹಾರ. ಕಡಲನ್ನು ಕಾಣದ ನಾಡು ತನ್ನ ನೀರಿಗೆ ಕಡಲಿನ ಹೆಸರನ್ನು ಏಕೆ ಇಟ್ಟಿತು? ಕಡಲು ದಾಟಿ ಬಂದ ಇಬ್ಬರು ಪ್ರವಾಸಿಗಳನ್ನು ನೆನೆದರೆ ಉತ್ತರ ಹತ್ತಿರವಾಗುತ್ತದೆ.

ಮೊದಲನೆಯವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. ಹಡಗುಗಳಲ್ಲಿ ವೈದ್ಯನಾಗಿ ದುಡಿದು, ಬಳಿಕ ಕಂಪನಿಯ ಸೇವೆಗೆ ಸೇರಿದವನು. ಟಿಪ್ಪು ಮಡಿದ ಮರುವರ್ಷ, 1800ರ ಏಪ್ರಿಲ್‌ನಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದ್ರಾಸಿನಿಂದ ಹೊರಟು, ಘಟ್ಟವೇರಿ ಬೇತಮಂಗಲದ ಮಾರ್ಗವಾಗಿ ಮೈಸೂರು ಸೀಮೆಯನ್ನು ಹೊಕ್ಕನು. ಗೆದ್ದ ನೆಲದ ಫಲವೆಷ್ಟೆಂದು ಅರಿಯುವುದು ಕಂಪನಿಯ ಉದ್ದೇಶ. ಆದರೆ ಆತ ರೈತರನ್ನು ಕೇಳಿ ಕೇಳಿ ಮಣ್ಣು, ಬೆಳೆ, ನೇಗಿಲು, ಕೆರೆಗಳ ವಿವರಗಳನ್ನು ದಿನದಿನವೂ ಬರೆದಿಟ್ಟನು. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಎರಡನೆಯವನು ಐರ್ಲೆಂಡಿನ ಸೈನಿಕ ಮೈಕೆಲ್ ಲೆವೆಲ್. ನ್ಯೂಜಿಲೆಂಡಿನ ಯುದ್ಧದ ದಿನಗಳಲ್ಲಿ ಚಿನ್ನದ ಗೀಳು ಹತ್ತಿಸಿಕೊಂಡವನು. 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಕೋಲಾರ ಸೀಮೆಗೆ ಬಂದು, 1873ರಲ್ಲಿ ಗಣಿಗಾರಿಕೆಗೆ ಅನುಮತಿ ಬೇಡಿದನು. ಅವನ ಬಳಿಕ ಬಂದ ಕಂಪನಿಗಳು ನೆಲವನ್ನು ಮೂರು ಕಿಲೋಮೀಟರಿಗೂ ಆಳಕ್ಕೆ ಅಗೆದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೊರಗೆ ಹೋಯಿತು. ಸಯನೈಡ್ ಮಣ್ಣಿನ ದಿಬ್ಬಗಳು ಇಲ್ಲೇ ಉಳಿದವು. ಆ ಚಿನ್ನದ ಊರಿನ ಬಾಯಾರಿಕೆಯನ್ನು ನೀಗಿಸಿದ್ದು ಮಾತ್ರ ಪಾಲಾರಿನ ಬೇತಮಂಗಲದ ಹಳೆಯ ಕೆರೆ.

ಇವರಿಬ್ಬರಿಗಿಂತ ಹಿರಿಯ ಪ್ರವಾಸಿ ನೀರು. ಕಡಲಿನಿಂದ ಮೋಡವಾಗಿ ಬಂದು, ಬೆಟ್ಟಗಳ ಮೇಲೆ ಸುರಿದು, ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಗಳಾಗಿ ತಮಿಳುನಾಡನ್ನು ಹಾದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಈ ದೀರ್ಘ ಪಯಣದಲ್ಲಿ ಅದಕ್ಕೊಂದು ತಂಗುದಾಣ ಬೇಕೆಂದು ಹಿಂದಿನವರು ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬರ್ಥದ ಮಾತನ್ನು 1860ರ ದಶಕದಲ್ಲೇ ಬರೆದಿದ್ದನು. ಕಡಲಿನ ನೀರು ಕಡಲಿಗೆ ಮರಳುವ ಮುನ್ನ ಕೊಂಚ ಕುಳಿತೇಳುವ ಎಡೆಯೇ ಕೆರೆ. ಅದಕ್ಕೆ ಅಂಬುಧಿಯೆಂಬ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಕಾಲುವೆಗಳು ಮುಚ್ಚಿ, ಇಳಿಜಾರುಗಳಲ್ಲಿ ನೀಲಗಿರಿ ಹಬ್ಬಿ, ಕೊಳವೆಬಾವಿಗಳು ಸಾವಿರ ಅಡಿ ಮೀರಿದಾಗ ಆ ಪಯಣ ಮುರಿಯಿತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರಕ್ಕೆ ಬಂದಿತು. ಅದು ಬೆಂಗಳೂರು ಬಳಸಿ ಬಿಟ್ಟ, ಎರಡು ಹಂತಗಳಲ್ಲಿ ಶುದ್ಧೀಕರಿಸಿದ ನೀರು. ಒಣಗಿದ ಕೆರೆಗಳು ತುಂಬಿದವು, ಬತ್ತಿದ ಬಾವಿಗಳಲ್ಲಿ ನೀರು ಕಂಡಿತು, ಇದನ್ನು ಅಲ್ಲಗಳೆಯಲಾಗದು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ರೈತರ ಬೇಡಿಕೆಯನ್ನೂ ಅಲ್ಲಗಳೆಯಲಾಗದು. ಕೆರೆ ತುಂಬಿದರೆ ಸಾಲದು, ತುಂಬಿದ್ದೇನೆಂಬುದೂ ಮುಖ್ಯ.

ಪ್ರವಾಸವೆಂದರೆ ದೂರ ಹೋಗುವುದಷ್ಟೇ ಅಲ್ಲ. ಅಂತರಗಂಗೆಯ ಬೆಟ್ಟದಿಂದಲೋ ಆವನಿಯ ಬೆಟ್ಟದಿಂದಲೋ ಹೊರಟು, ಮಳೆನೀರು ಇಳಿಯುವ ಜಾಡಿನಲ್ಲೇ ಕಾಲುವೆ, ತೂಬು, ಕೋಡಿಗಳನ್ನು ನೋಡುತ್ತ ನಡೆದರೆ ಒಂದು ದಿನ ಸಾಕು. ಎಲ್ಲಿ ಕಾಲುವೆ ಮುಚ್ಚಿದೆ, ಎಲ್ಲಿ ಕೆಸರು ಬೆರೆತಿದೆ ಎಂಬುದನ್ನು ಬುಕಾನನ್ನನಂತೆ ಕೇಳಿ ಬರೆದಿಡುವುದು ಶಾಲೆಯ ಮಕ್ಕಳಿಗೂ ಸಾಧ್ಯ. ಅವನು ಬರೆದದ್ದು ಕಂಪನಿಯ ಕಂದಾಯಕ್ಕಾಗಿ. ಊರಿನ ಮಕ್ಕಳು ಬರೆಯುವುದು ಊರಿನ ಕೆರೆಗಾಗಿ.