ಅಂಕಿತವಿಲ್ಲದ ಮತ

(ಶಿವಮೊಗ್ಗದ ಚಿಂತನ ಗೋಷ್ಠಿಯೊಂದರಲ್ಲಿ ಮಾಡಿದ ಭಾಷಣ)

 

ಶಾಸಕರ ನಿಲುವುಗಳ ಬಗ್ಗೆ ಮಾತನಾಡಲು ಹೇಳಿದ್ದೀರಿ. ನಮ್ಮ ಶಾಸಕರು ನಮಗೆಲ್ಲ ಚೆನ್ನಾಗಿ ಗೊತ್ತು. ಮದುವೆಗೆ ಬರುತ್ತಾರೆ, ಗುದ್ದಲಿ ಪೂಜೆಗೆ ಬರುತ್ತಾರೆ, ಮಠದ ಜಾತ್ರೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಆದರೆ ನಾವು ಅವರನ್ನು ಕಳಿಸಿದ್ದು ಕಾನೂನು ಮಾಡಲಿಕ್ಕೆ. ಆ ಕೆಲಸದಲ್ಲಿ ಅವರು ಏನು ಮಾಡಿದರು?

2021ರ ಮಾರ್ಚ್ 4ರಂದು ಭದ್ರಾವತಿ ಶಾಸಕ ಬಿ.ಕೆ. ಸಂಗಮೇಶ್ವರ ಅವರು ವಿಧಾನಸಭೆಯಲ್ಲಿ ಪ್ರತಿಭಟಿಸುತ್ತ ಅಂಗಿ ಕಳಚಿದರು. ಸಭಾಧ್ಯಕ್ಷರು ಒಂದು ವಾರ ಅಮಾನತು ಮಾಡಿದರು. ಅದು ಎಲ್ಲರಿಗೂ ನೆನಪಿದೆ. ಅದಕ್ಕೆ ಮೂರು ತಿಂಗಳು ಮೊದಲು, 2020ರ ಡಿಸೆಂಬರ್ 9ರಂದು, ಅದೇ ಸಭೆ ಗೋಹತ್ಯೆ ನಿಷೇಧ ಮಸೂದೆಯನ್ನು ಗದ್ದಲದ ನಡುವೆ ಅಂಗೀಕರಿಸಿತು. ಆಗ ಶಿವಮೊಗ್ಗದ ಶಾಸಕ ಕೆ.ಎಸ್. ಈಶ್ವರಪ್ಪ ಸಚಿವರು, ಭದ್ರಾವತಿಯವರು ವಿರೋಧ ಪಕ್ಷದವರು. ರೈತನ ಮುದಿ ಎತ್ತಿನ ಗತಿ ಏನು ಎಂಬುದಕ್ಕೆ ಇಬ್ಬರ ಉತ್ತರವೇನು? ಪರವೋ ವಿರೋಧವೋ ಇರಲಿ, ಅವರನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ನಾವು ಕೇಳದಿರುವುದಕ್ಕೆ ಒಂದು ಕಾರಣ ಸದನದ ಪದ್ಧತಿಯಲ್ಲೇ ಇದೆ. ಬಹುತೇಕ ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ. 'ಹೌದು' ಎನ್ನುವವರು ಕೂಗುತ್ತಾರೆ, 'ಇಲ್ಲ' ಎನ್ನುವವರು ಕೂಗುತ್ತಾರೆ, ಪೀಠದಲ್ಲಿರುವವರು ತೀರ್ಪು ಕೊಡುತ್ತಾರೆ. ಯಾರು ಯಾವ ಕಡೆ ಎಂಬುದು ಹೆಸರಿನೊಡನೆ ದಾಖಲಾಗುವುದಿಲ್ಲ. ಆದರೆ ಎಣಿಕೆ ಬೇಕೆಂದು ಸದಸ್ಯರು ಕೇಳಬಹುದು. 2020ರ ಡಿಸೆಂಬರ್ 8ರಂದು ಭೂ ಸುಧಾರಣಾ ತಿದ್ದುಪಡಿ ಮಸೂದೆ ವಿಧಾನ ಪರಿಷತ್ತಿಗೆ ಬಂದಾಗ ಮತ ಎಣಿಸಲಾಯಿತು: ಪರ 37, ವಿರೋಧ 21. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆದ ಮಸೂದೆ ಅದು. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ, ಶಾಂತವೇರಿ ಗೋಪಾಲಗೌಡರನ್ನು ಸದನಕ್ಕೆ ಕಳಿಸಿದ ಜಿಲ್ಲೆ ನಮ್ಮದು. ಅಂಥ ಮಸೂದೆಯಲ್ಲಿ ಯಾರು ಎಲ್ಲಿ ನಿಂತರೆಂಬುದು ನಮಗೆ ತಿಳಿಯಬೇಡವೇ?

ಬಂಧುಗಳೇ, ಅನುಭವ ಮಂಟಪದ ಶೂನ್ಯ ಸಿಂಹಾಸನ ಏರಿದ ಅಲ್ಲಮಪ್ರಭು ನಮ್ಮ ಬಳ್ಳಿಗಾವಿಯವರು. ಅಕ್ಕಮಹಾದೇವಿ ನಮ್ಮ ಉಡುತಡಿಯವರು. ಆ ಮಂಟಪದವರ ವಚನಗಳಿಗೆ ಅಂಕಿತವಿದೆ. ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಅಂಕಿತ ಇಷ್ಟದೈವದ ಹೆಸರೇ ಆದರೂ ನುಡಿದವರು ಯಾರೆಂದು ಅದರಿಂದ ತಿಳಿಯುತ್ತದೆ. ಆಡಿದ ಮಾತಿಗೆ ಆಡಿದವರೇ ಹೊಣೆ. ಧ್ವನಿಮತಕ್ಕೆ ಅಂಕಿತವಿಲ್ಲ.

'ಪಕ್ಷದ ವಿಪ್ ಇದೆ, ಅವರೇನು ಮಾಡಿಯಾರು?' ಎಂದು ನೀವು ಕೇಳಬಹುದು. ನಿಜ, 1985ರ ಪಕ್ಷಾಂತರ ನಿಷೇಧದ ನಂತರ ವಿಪ್ ಮೀರಿ ಮತ ಹಾಕಿದವರ ಸ್ಥಾನಕ್ಕೇ ಕುತ್ತು ಬರಬಹುದು. ಆದರೆ ಮತ ಹಾಕುವ ಮೊದಲು ಚರ್ಚೆ ಇದೆ, ತಿದ್ದುಪಡಿ ಸೂಚಿಸುವ ಅವಕಾಶ ಇದೆ. ಅಲ್ಲಿಯೂ ಮೌನವಾಗಿದ್ದರೆ ಅದಕ್ಕೆ ವಿಪ್ ಕಾರಣವಲ್ಲ.

ಇನ್ನು ನಮ್ಮ ಕಡೆ ನೋಡಿಕೊಳ್ಳೋಣ. ಮೌಢ್ಯ ನಿಷೇಧ ಕಾನೂನಿನ ಕರಡು 2013ರಲ್ಲೇ ಚರ್ಚೆಗೆ ಬಂತು. ನಿಡುಮಾಮಿಡಿ ಶ್ರೀಗಳು ಅದರ ಪರವಾಗಿ ಬಹಿರಂಗವಾಗಿ ನಿಂತರು. ಮಸೂದೆ ಪಾಸಾದದ್ದು 2017ರ ನವೆಂಬರ್‌ನಲ್ಲಿ, ಜಾರಿಗೆ ಬಂದದ್ದು 2020ರ ಜನವರಿ 4ರಂದು. ಅಷ್ಟರಲ್ಲಿ ಜ್ಯೋತಿಷ್ಯ, ವಾಸ್ತು ಎರಡೂ ಅದರ ವ್ಯಾಪ್ತಿಯಿಂದ ಹೊರಗುಳಿದಿದ್ದವು. ಬಸವತತ್ವಕ್ಕೆ ಇಷ್ಟು ಹತ್ತಿರದ ಕಾನೂನಿಗಾಗಿ ನಮ್ಮ ಎಷ್ಟು ಮಠಗಳು ತಮ್ಮೂರ ಶಾಸಕರಿಗೆ ಒಂದು ಪತ್ರ ಬರೆದವು? ಸಮುದಾಯ ಭವನದ ಅನುದಾನಕ್ಕೆ ಬರೆದ ಪತ್ರಗಳಂತೂ ಬಹಳ. ಅನುದಾನದ ಅರ್ಜಿ ಹಿಡಿದ ಕೈಯಲ್ಲಿ ಪ್ರಶ್ನೆ ಹಿಡಿಯುವುದು ಕಷ್ಟ.

ಹಾಗಾಗಿ ನನ್ನದೊಂದು ಸಣ್ಣ ಸಲಹೆ. ಪ್ರತಿ ಅಧಿವೇಶನ ಮುಗಿದ ಮೇಲೆ ಎರಡು ಮೂರು ಮುಖ್ಯ ಮಸೂದೆಗಳನ್ನು ಗೋಷ್ಠಿಯಲ್ಲಿ ಓದೋಣ. 2023ರಲ್ಲಿ ಶಿವಮೊಗ್ಗದಿಂದ ಗೆದ್ದ ಎಸ್.ಎನ್. ಚನ್ನಬಸಪ್ಪ ಬಿಜೆಪಿಯವರು, ಭದ್ರಾವತಿಯ ಸಂಗಮೇಶ್ವರ ಕಾಂಗ್ರೆಸ್‌ನವರು. ಇಬ್ಬರಿಗೂ ಒಂದೇ ಪತ್ರ, ಒಂದೇ ಪ್ರಶ್ನೆ ಕಳಿಸೋಣ: ನಿಮ್ಮ ನಿಲುವೇನು, ಸದನದಲ್ಲಿ ಏನು ಮಾತನಾಡಿದಿರಿ? ಬಂದ ಉತ್ತರವನ್ನು ಮಠದ ಫಲಕದಲ್ಲಿ ಹಾಕೋಣ. ಉತ್ತರ ಬಾರದಿದ್ದರೆ ಪ್ರಶ್ನೆಯನ್ನಷ್ಟೇ ಹಾಕೋಣ. ಪಕ್ಷ ನೋಡಿ, ಜಾತಿ ನೋಡಿ ಪ್ರಶ್ನೆಯನ್ನು ಸಡಿಲಿಸುವುದು ಬೇಡ. ನಡೆ ನುಡಿ ಒಂದಾಗಿರಬೇಕೆಂದು ಶರಣರು ಮೊದಲು ಹೇಳಿದ್ದು ತಮ್ಮವರಿಗೇ.

ಸದನ ಅಂಕಿತ ಕೇಳದಿದ್ದರೆ ನಾವು ಕೇಳೋಣ.